ಜಾರ್ಜ್ ಸ್ಟ್ರೀಟಿನ ಹುಕ್ಕಾ, ಹನ್ನೆರಡು ಶಿಲ್ಲಿಂಗಿನ ಕೋಳಿಸಾರು

1811ರ ಮಾರ್ಚ್ 27ರ 'ದಿ ಟೈಮ್ಸ್' ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಲಂಡನ್ನಿನ ಪೋರ್ಟ್‌ಮನ್ ಸ್ಕ್ವೇರ್ ಬಳಿ, ಜಾರ್ಜ್ ಸ್ಟ್ರೀಟಿನ 34ನೇ ನಂಬರಿನ ಮನೆಯಲ್ಲಿ 'ಹಿಂದೂಸ್ತಾನಿ ಕಾಫಿ ಹೌಸ್' ತೆರೆದಿದೆ, ಶ್ರೀಮಂತರೂ ಕುಲೀನರೂ ದಯಮಾಡಿಸಬೇಕು ಎಂಬುದು ಅದರ ಒಕ್ಕಣೆ. ಹಿಂದೂಸ್ತಾನದ ಅಡುಗೆಯನ್ನು ಅದರ ಪೂರ್ಣ ರುಚಿಯಲ್ಲಿ ಬಡಿಸಲಾಗುವುದು, ಇಂಗ್ಲೆಂಡಿನಲ್ಲಿ ಇಂತಹ ಸಾರನ್ನು ಯಾರೂ ಮಾಡಿಲ್ಲ, ಒಳ್ಳೆಯ ವೈನ್ ಉಂಟು, ಸೇದುವವರಿಗೆ ಅಸಲಿ ಚಿಲುಮೆ ತಂಬಾಕಿನ ಹುಕ್ಕಾ ಉಂಟು ಎಂದು ಮಾಲೀಕ ಹೇಳಿಕೊಂಡಿದ್ದ. ಕೂರಲು ಬಿದಿರಿನ ಆಸನಗಳು, ಗೋಡೆಯ ಮೇಲೆ ಹಿಂದೂಸ್ತಾನದ ದೃಶ್ಯಗಳ ಚಿತ್ರಗಳು. ಭಾರತದವನೊಬ್ಬ ತಾನೇ ಮಾಲೀಕನಾಗಿ ಲಂಡನ್ನಿನಲ್ಲಿ ನಡೆಸಿದ ಮೊದಲ ಭಾರತೀಯ ಹೋಟೆಲು ಇದು.

ಕಾಫಿ ಹೌಸ್ ಎಂದ ಮಾತ್ರಕ್ಕೆ ಅಲ್ಲಿ ಕಾಫಿಯೇ ಮುಖ್ಯವಾಗಿತ್ತು ಎಂದು ತಿಳಿಯಬೇಕಾಗಿಲ್ಲ. ನಾಲ್ಕು ಜನ ಸೇರಿ ಪತ್ರಿಕೆ ಓದುವ, ವ್ಯಾಪಾರ ಕುದುರಿಸುವ, ಹರಟೆ ಹೊಡೆಯುವ ಜಾಗಗಳಿಗೆಲ್ಲ ಆಗಿನ ಲಂಡನ್ನಿನಲ್ಲಿ ಇದೇ ಹೆಸರು. ತಂಗಲು ಒಂದು ಕೋಣೆಯೂ ಇಲ್ಲದ ಊಟದ ಮನೆಯನ್ನು ನಾವು 'ಹೋಟೆಲು' ಎನ್ನುವುದಿಲ್ಲವೇ, ಹಾಗೆ. ಇದಕ್ಕೂ ಮೊದಲೇ ಇಂಗ್ಲಿಷರಿಗೆ ಸಾರಿನ ಪರಿಚಯವಿತ್ತು. ಹನ್ನಾ ಗ್ಲಾಸ್ ಎಂಬಾಕೆ 1747ರ ತನ್ನ ಪಾಕಪುಸ್ತಕದಲ್ಲಿ ಇಂಡಿಯಾ ರೀತಿಯ ಕರಿ ಮಾಡುವ ವಿಧಾನ ಬರೆದಿದ್ದಳು. 1773ರಷ್ಟು ಹಿಂದೆಯೇ ಹೇಮಾರ್ಕೆಟ್ಟಿನ ಬಳಿಯ ಒಂದು ಕಾಫಿ ಹೌಸಿನಲ್ಲಿ ಕರಿ ಸಿಗುತ್ತಿತ್ತು. ಆದರೆ ಇಡೀ ಊಟವನ್ನೇ ಹಿಂದೂಸ್ತಾನದ ರೀತಿಯಲ್ಲಿ ಬಡಿಸಿ, ಅದನ್ನು ಶ್ರೀಮಂತರ ಬಡಾವಣೆಯಲ್ಲಿ, ಶ್ರೀಮಂತರ ದರಕ್ಕೆ ಮಾರಬಹುದು ಎಂದು ಲೆಕ್ಕ ಹಾಕಿದವನು ಈ ಮಾಲೀಕ.

ಇಂಗ್ಲಿಷ್ ದಾಖಲೆಗಳಲ್ಲಿ ಅವನ ಹೆಸರು 'ಸೇಕ್ ಡೀನ್ ಮಹೊಮೆಡ್'. ಉರ್ದು ಬಲ್ಲವರಿಗೆ ಇದರ ಹಿಂದಿರುವ ಶೇಖ್ ದೀನ್ ಮುಹಮ್ಮದ್ ತಕ್ಷಣ ಕಾಣುತ್ತಾನೆ. 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ. ತಂದೆ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳ ಸೈನ್ಯದಲ್ಲಿದ್ದವನು. ಹುಡುಗನಿಗೆ ಹತ್ತು-ಹನ್ನೊಂದು ವರ್ಷವಾಗುವಷ್ಟರಲ್ಲಿ ತೀರಿಕೊಂಡ. ತಂದೆಯಿಲ್ಲದ ಹುಡುಗ ಗಾಡ್ಫ್ರೆ ಬೇಕರ್ ಎಂಬ ಐರಿಷ್ ಅಧಿಕಾರಿಯ ಬೆನ್ನು ಹಿಡಿದು ಪಡೆಯ ಜೊತೆ ಊರೂರು ಸುತ್ತಿದ, ತಾನೂ ಸೈನ್ಯದಲ್ಲಿ ಸುಬೇದಾರನಾದ. ಬೇಕರ್ ಸೈನ್ಯ ಬಿಟ್ಟಾಗ ಇವನೂ ಬಿಟ್ಟ. 1784ರಲ್ಲಿ ಇಬ್ಬರೂ ಐರ್ಲೆಂಡಿನ ಕಾರ್ಕ್ ಪಟ್ಟಣಕ್ಕೆ ಬಂದರು. ಅಲ್ಲಿ ಇಂಗ್ಲಿಷ್ ಕಲಿತು, ಜೇನ್ ಡೇಲಿ ಎಂಬ ಹುಡುಗಿಯನ್ನು ಮೆಚ್ಚಿ, 1786ರಲ್ಲಿ ಮನೆಯವರಿಗೆ ತಿಳಿಯದಂತೆ ಮದುವೆಯಾದ. ಮದುವೆಗಾಗಿ ಆಂಗ್ಲಿಕನ್ ಚರ್ಚಿಗೆ ಸೇರಿದ. 1794ರಲ್ಲಿ ತನ್ನ ಪ್ರಯಾಣಗಳ ಕಥನವನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ ಮೊದಲ ಪುಸ್ತಕ ಅದೆಂದು ಇತಿಹಾಸಕಾರರು ಗುರುತಿಸುತ್ತಾರೆ.

ಇವನನ್ನು ಕಣ್ಣಾರೆ ಕಂಡು ಬರೆದ ಇನ್ನೊಬ್ಬ ಹಿಂದೂಸ್ತಾನಿ ಇದ್ದಾನೆ. ಲಖನೌದ ಮಿರ್ಜಾ ಅಬೂ ತಾಲಿಬ್ ಖಾನ್ 1799ರಲ್ಲಿ ಯೂರೋಪಿಗೆ ಹೋಗುವ ದಾರಿಯಲ್ಲಿ ಕಾರ್ಕಿನಲ್ಲಿ ಇಳಿದಿದ್ದ. ತನ್ನ ಫಾರಸಿ ಪ್ರವಾಸಕಥನದಲ್ಲಿ ಆತ ದೀನ್ ಮುಹಮ್ಮದನ ಮನೆ, ಹೆಂಡತಿ, ಮಕ್ಕಳು, ಪುಸ್ತಕ ಎಲ್ಲವನ್ನೂ ಪ್ರಸ್ತಾಪಿಸಿದ್ದಾನೆ. ಆ ಚಳಿಯ ಊರಿನಲ್ಲಿ ಇಬ್ಬರೂ ಯಾವ ಭಾಷೆಯಲ್ಲಿ ಸಲಾಮು ಹೇಳಿಕೊಂಡಿರಬಹುದು ಎಂದು ಕತೆ ಬರೆಯುವ ನನ್ನಂಥವನಿಗೆ ಕುತೂಹಲ. ಒಬ್ಬ ಊರಿಗೆ ಮರಳುವವನು, ಇನ್ನೊಬ್ಬ ಮರಳದವನು.

1807ರ ಸುಮಾರಿಗೆ ದೀನ್ ಮುಹಮ್ಮದ್ ಸಂಸಾರ ಸಮೇತ ಲಂಡನ್ನಿಗೆ ಬಂದ. ಪೋರ್ಟ್‌ಮನ್ ಸ್ಕ್ವೇರಿನಲ್ಲಿ ಬೇಸಿಲ್ ಕಾಕ್ರೇನ್ ಎಂಬವನ ಮನೆಯಲ್ಲಿದ್ದ ಹಬೆಸ್ನಾನದ ಕೋಣೆಯಲ್ಲಿ ಕೆಲಸ ಹಿಡಿದ. ಈ ಕಾಕ್ರೇನ್ ಮದ್ರಾಸಿನಲ್ಲಿ ನೌಕಾಪಡೆಗೆ ದಿನಸಿ ಸರಬರಾಜು ಮಾಡಿ ಅಪಾರ ಹಣ ಗಳಿಸಿ ಬಂದವನು. ಸುತ್ತಲೂ ಇಂತಹವರದೇ ಮನೆಗಳು. ಭಾರತದಲ್ಲಿ ದುಡ್ಡು ಮಾಡಿ ಮರಳಿದವರನ್ನು ಇಂಗ್ಲಿಷರು ನಬಾಬರೆಂದು ಗೇಲಿ ಮಾಡುತ್ತಿದ್ದರು. ನಮ್ಮ 'ನವಾಬ್' ಎಂಬ ಪದವೇ ಅಲ್ಲಿ ಬೈಗುಳವಾಗಿತ್ತು. ಈ ಜನಕ್ಕೆ ಅನ್ನ-ಸಾರಿನ ರುಚಿ ನಾಲಗೆಗೆ ಹತ್ತಿತ್ತು, ಹುಕ್ಕಾದ ಚಟ ಅಂಟಿತ್ತು. ದೀನ್ ಮುಹಮ್ಮದ್ ನಂಬಿದ್ದು ಈ ಗಿರಾಕಿಗಳನ್ನು.

ಆ ವರ್ಷಗಳ ಲಂಡನ್ನಿನಲ್ಲಿ ಹಿಂದೂಸ್ತಾನವನ್ನು ನೋಡುವ ಇನ್ನೊಂದು ಜಾಗವಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಅರಮನೆಯಿಂದ ಹೊತ್ತೊಯ್ದ ಮರದ ಹುಲಿಯನ್ನು, ಬಿಳಿಯ ಸಿಪಾಯಿಯ ಮೇಲೆರಗಿ ಕೂತ, ಹಿಡಿಕೆ ತಿರುಗಿಸಿದರೆ ಗುರುಗುಟ್ಟುವ ಆ ಯಂತ್ರವನ್ನು, 1808ರಲ್ಲಿ ಲೀಡನ್‌ಹಾಲ್ ಸ್ಟ್ರೀಟಿನ ಕಂಪೆನಿ ಕಚೇರಿಯಲ್ಲಿ ಸಾರ್ವಜನಿಕರಿಗೆ ಇಟ್ಟಿದ್ದರು. ಜನ ಮುಗಿಬಿದ್ದು ನೋಡುತ್ತಿದ್ದರು. ಅಂದರೆ 1810ರ ಲಂಡನ್ನಿನ ಸಿರಿವಂತನೊಬ್ಬ ಬೆಳಿಗ್ಗೆ ಶ್ರೀರಂಗಪಟ್ಟಣದ ಲೂಟಿಯನ್ನು ನೋಡಿ, ಸಂಜೆ ಪಟ್ನಾದವನ ಕೈಯ ಪುಲಾವು ಉಣ್ಣಬಹುದಿತ್ತು. ಒಂದು ಕಡೆ ಸೋತ ಹಿಂದೂಸ್ತಾನ, ಇನ್ನೊಂದು ಕಡೆ ಬಡಿಸುವ ಹಿಂದೂಸ್ತಾನ. ಆ ಊಟದ ಕೋಣೆಯನ್ನು ಹುಲಿಯಿಂದ ಬೇರೆ ಮಾಡಿ ನೋಡುವುದು ನನಗೆ ಸಾಧ್ಯವಾಗುತ್ತಿಲ್ಲ. ನಗರದ ನಡುವಿನ ದುಬಾರಿ ಭಾರತೀಯ ಹೋಟೆಲಿನಲ್ಲಿ ಗಿರಾಕಿ ಹಣ ಕೊಡುವುದು ಬರಿಯ ಊಟಕ್ಕಲ್ಲ, ತಾನು ಬಿಟ್ಟುಬಂದ ಸಾಹೇಬಗಿರಿಯ ನೆನಪಿಗೂ ಹೌದು. ಆ ನೆನಪನ್ನು ಬೇಯಿಸಿ ಕೊಟ್ಟವನಿಗೆ ಏನು ದಕ್ಕಿತು ಎಂಬುದು ಈ ಇನ್ನೂರು ವರ್ಷಗಳ ಕತೆಯಲ್ಲಿ ಕೇಳಬೇಕಾದ ಪ್ರಶ್ನೆ.

ಊಟದ ದರ ಎಷ್ಟಿತ್ತು? ಹಳೆಯ ಕೈಬರಹದ ಪಾಕಪುಸ್ತಕವೊಂದರಲ್ಲಿ ಯಾರೋ ಈ ಹೋಟೆಲಿನ ತಿನಿಸುಪಟ್ಟಿಯನ್ನು ನಕಲು ಮಾಡಿಟ್ಟಿದ್ದರು. 2018ರಲ್ಲಿ ಅದು ಲಂಡನ್ನಿನ ಹಳೆಪುಸ್ತಕಗಳ ಮೇಳಕ್ಕೆ ಬಂದು 8,500 ಪೌಂಡಿಗೆ ಮಾರಾಟವಾಯಿತು. ಅದರಲ್ಲಿ 25 ಬಗೆಗಳಿವೆ. ಕೋಳಿಸಾರಿಗೆ 12 ಶಿಲ್ಲಿಂಗು, ಸಮುದ್ರದ ದೊಡ್ಡ ಸಿಗಡಿಯ ಸಾರಿಗೂ ಅಷ್ಟೇ. ಅನಾನಸು ಪುಲಾವಿಗೆ 1 ಪೌಂಡು 16 ಶಿಲ್ಲಿಂಗು! ಪೌಂಡಿಗೆ 20 ಶಿಲ್ಲಿಂಗಿನ ಕಾಲ ಅದು. ಇಂಗ್ಲೆಂಡಿನ ಹಳ್ಳಿಯ ಕೂಲಿಯವನೊಬ್ಬ ವಾರವಿಡೀ ಹೊಲದಲ್ಲಿ ದುಡಿದರೆ ಸಿಗುತ್ತಿದ್ದುದು ಹೆಚ್ಚುಕಡಿಮೆ ಆ ಕೋಳಿಸಾರಿನ ಬೆಲೆ. ಪಟ್ಟಿಯಲ್ಲಿ 'ಕೂಲ್ಮಾ' ಎಂಬ ಒಂದು ತಿನಿಸಿದೆ. ಕುರಿಮರಿಯ ಮಾಂಸದ್ದು ಅಥವಾ ಎಳೆಗರುವಿನದ್ದು. ಒಂದೆರಡು ಸಲ ಬಾಯಲ್ಲಿ ಆಡಿಸಿ ನೋಡಿದರೆ ಅದು ನಮ್ಮ ಖೋರ್ಮಾ ಎಂದು ಹೊಳೆಯುತ್ತದೆ.

ಬಂದವರು ಹೊಗಳಿದರು, ಆದರೆ ಬಂದವರೇ ಕಡಿಮೆ. ಲೆಕ್ಕ ತಪ್ಪಿದ್ದು ಗಿರಾಕಿಗಳ ವಿಷಯದಲ್ಲೇ. ನಬಾಬರು ಬರುವಾಗ ಹಣದ ಜೊತೆ ಅಡುಗೆಯವರನ್ನೂ, ಮಕ್ಕಳನ್ನು ನೋಡಿಕೊಳ್ಳುವ ಆಯಾಗಳನ್ನೂ ಹಡಗಿನಲ್ಲಿ ಕರೆತಂದಿದ್ದರು. ಮನೆಯಲ್ಲೇ ಖಾನಸಾಮ ಇರುವಾಗ ಹನ್ನೆರಡು ಶಿಲ್ಲಿಂಗು ಕೊಟ್ಟು ಹೊರಗೆ ಉಣ್ಣುವವರು ಯಾರು? ಒಬ್ಬ ಹಿಂದೂಸ್ತಾನಿಯ ದುಬಾರಿ ಹೋಟೆಲನ್ನು ಮುಳುಗಿಸಿದ್ದು ಮನೆಮನೆಯ ಹಿಂದೂಸ್ತಾನಿ ಆಳುಗಳ ಅಗ್ಗದ ದುಡಿಮೆ. 1812ರಲ್ಲಿ ದೀನ್ ಮುಹಮ್ಮದ್ ದಿವಾಳಿಯಾದ. ಹೋಟೆಲು ಬೇರೆಯವರ ಕೈಗೆ ಹೋಗಿ, ಅದೇ ಹೆಸರಿನಲ್ಲಿ 1833ರವರೆಗೂ ನಡೆಯಿತು. 1813ರಲ್ಲಿ ಅವನು ಮತ್ತೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಈ ಸಲ ಕೇಳಿದ್ದು ಗಿರಾಕಿಗಳನ್ನಲ್ಲ, ಮನೆಚಾಕರಿಯನ್ನು. ಪಟ್ಟಣವಾದರೂ ಆದೀತು, ಹಳ್ಳಿಯಾದರೂ ಆದೀತು ಎಂದು ಬರೆಸಿದ್ದ. ಐವತ್ತು ದಾಟಿದ, ಪುಸ್ತಕ ಬರೆದ, ಹೋಟೆಲು ನಡೆಸಿದ ಮನುಷ್ಯ.

ಅವನು ಅಲ್ಲಿಗೇ ಮುಗಿದುಹೋಗಲಿಲ್ಲ ಎಂಬುದು ಸಮಾಧಾನ. 1814ರಲ್ಲಿ ಬ್ರೈಟನ್ ಎಂಬ ಕಡಲತಡಿಯ ಊರಿಗೆ ಹೋಗಿ ಹಬೆಸ್ನಾನ ಮತ್ತು ಅಂಗಮರ್ದನದ ಕಸುಬು ಹಿಡಿದ. ನಮ್ಮ ಕ್ಷೌರದಂಗಡಿಗಳ 'ಚಂಪಿ'ಯೇ ಅದು. ಆ ಪದದಿಂದ ಬಂದದ್ದೇ ಇಂದಿನ ಶಾಂಪೂ. 1821ರಲ್ಲಿ ಕಡಲಿಗೆದುರಾಗಿ ದೊಡ್ಡ ಸ್ನಾನಗೃಹ ತೆರೆದ, ನಾಲ್ಕನೇ ಜಾರ್ಜ್ ಮತ್ತು ನಾಲ್ಕನೇ ವಿಲಿಯಂ ದೊರೆಗಳಿಗೆ 'ಶಾಂಪೂಯಿಂಗ್ ಸರ್ಜನ್' ಆದ. ವ್ಯಾಪಾರಕ್ಕಾಗಿ ತನ್ನ ವಯಸ್ಸಿಗೆ ಹತ್ತು ವರ್ಷ ಕೂಡಿಸಿ, ವೈದ್ಯ ಕಲಿತವನೆಂದೂ ಹೇಳಿಕೊಂಡ. ಆ ಊರು ಹಿಂದೂಸ್ತಾನಿಯಿಂದ ಬಯಸುತ್ತಿದ್ದುದು ಮಾಯಾವಿದ್ಯೆಯನ್ನು, ಅವನು ಕೊಟ್ಟ. 1851ರಲ್ಲಿ ತೀರಿಕೊಂಡ. ಮತ ಬದಲಿಸಿದರೂ ಹೆಸರನ್ನು ಬದಲಿಸಲಿಲ್ಲ. ಅವನ ಒಬ್ಬ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹೊಮೆಡ್ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯನಾಗಿ ರಕ್ತದೊತ್ತಡದ ಬಗ್ಗೆ ಮಹತ್ವದ ಸಂಶೋಧನೆ ಮಾಡಿದ. ಇನ್ನೊಬ್ಬ ಮೊಮ್ಮಗ ಚರ್ಚಿನ ಪಾದ್ರಿ, ಅವನೂ ಮಹೊಮೆಡ್ಡೇ. ಇದನ್ನು ನಷ್ಟವೆನ್ನಬೇಕೋ ಬಾಳಿನ ಹೊಂದಾಣಿಕೆಯೆನ್ನಬೇಕೋ, ಓದುಗರು ತಮ್ಮ ತಮ್ಮ ಮನಸ್ಸನ್ನು ಕೇಳಿಕೊಳ್ಳಲಿ. ಅವನು ಕಾಫಿ ಹೌಸ್ ನಡೆಸಿದ ಜಾಗದಲ್ಲಿ 2005ರಲ್ಲಿ ವೆಸ್ಟ್‌ಮಿನ್‌ಸ್ಟರ್ ನಗರಸಭೆ ಹಸಿರು ಫಲಕ ಹಾಕಿಸಿತು. ಬೀದಿಯ ಹಳೆಯ 34 ಈಗ 102.

ಲಂಡನ್ನಿನ ಮಧ್ಯದಲ್ಲಿ ಇಂಥದೇ ಮೋಡಿಯ ಇನ್ನೊಂದು ಹೋಟೆಲು ನೆಲೆ ನಿಂತದ್ದು 1926ರಲ್ಲಿ, ರೀಜೆಂಟ್ ಸ್ಟ್ರೀಟಿನಲ್ಲಿ. ಹೆಸರು 'ವೀರಸ್ವಾಮಿ'. ಹೆಸರು ಕೇಳಿದರೆ ಯಾರೋ ಮದ್ರಾಸಿನವರು ಇರಬೇಕು ಅನ್ನಿಸುತ್ತದೆ. ಸ್ಥಾಪಿಸಿದವನು ಎಡ್ವರ್ಡ್ ಪಾಮರ್. ಕಂಪೆನಿಯ ಜನರಲ್ ವಿಲಿಯಂ ಪಾಮರ್ ಮತ್ತು ಅವನ ಮಡದಿ ಫೈಜ್ ಬಖ್ಷ್ ಬೇಗಂ ಇವರ ಮರಿಮಗ. ಹೈದರಾಬಾದಿನಲ್ಲಿ ನಿಜಾಮನಿಗೇ ಸಾಲ ಕೊಟ್ಟ ಪಾಮರ್ ಸಾಹುಕಾರರೂ ಇದೇ ಮನೆತನ. 1924ರ ವೆಂಬ್ಲಿ ಸಾಮ್ರಾಜ್ಯ ಪ್ರದರ್ಶನದಲ್ಲಿ ಭಾರತದ ವಿಭಾಗದ ಊಟದ ಉಸ್ತುವಾರಿಯಲ್ಲಿ ಪಾಮರನ ಕೈಯಿತ್ತು, ಅದರ ಯಶಸ್ಸೇ ಹೋಟೆಲಿಗೆ ದಾರಿಯಾಯಿತು. ಬೇಗಮಳ ಮರಿಮಗ ಪಾಕಪುಸ್ತಕ ಬರೆದಾಗಲೂ ಹಾಕಿಕೊಂಡದ್ದು ವೀರಸ್ವಾಮಿಯ ಹೆಸರನ್ನೇ. ಪಟ್ನಾದವನು ದಿವಾಳಿಯಾದರೂ ಬಿಡದ ಹೆಸರು ಒಂದು, ಸಾಹೇಬ ವ್ಯಾಪಾರಕ್ಕೆ ತೊಟ್ಟುಕೊಂಡ ಹೆಸರು ಇನ್ನೊಂದು. ಅಲ್ಲಿ ರುಮಾಲು ಸುತ್ತಿದ ಮಾಣಿಗಳಿದ್ದರು. ಭಾರತದಲ್ಲಿ ಕಲೆಕ್ಟರೋ ಕರ್ನಲ್ಲೋ ಆಗಿದ್ದು ನಿವೃತ್ತನಾದವನು ಅಲ್ಲಿ 'ಬೇರರ್' ಎಂದು ಕೂಗಿ, 'ಸಾಹಿಬ್' ಎಂದು ಕರೆಸಿಕೊಳ್ಳಬಹುದಿತ್ತು. ದೀನ್ ಮುಹಮ್ಮದ್ ಮಾರಲು ಹೊರಟ ಸರಕೇ ಇದು. ಆದರೆ ಈ ಹೊತ್ತಿಗೆ ಮನೆಯಲ್ಲಿ ಖಾನಸಾಮರಿರಲಿಲ್ಲ. 'ವೀರಸ್ವಾಮಿ'ಗೆ 2016ರಲ್ಲಿ ಮಿಶೆಲಿನ್ ತಾರೆ ಬಂತು. 2025ರಲ್ಲಿ, ಶತಮಾನ ತುಂಬುವ ಹೊಸ್ತಿಲಲ್ಲಿ, ಕಟ್ಟಡದ ಗುತ್ತಿಗೆಯ ವ್ಯಾಜ್ಯ ಕೋರ್ಟಿಗೆ ಹೋಯಿತು. ಕಟ್ಟಡ ಬ್ರಿಟನ್ನಿನ ರಾಜಮುಕುಟದ ಆಸ್ತಿ.

ಅಡುಗೆಮನೆಯಲ್ಲಿದ್ದವರು ಯಾರು? ಇದಕ್ಕೆ ಹಡಗುಕಟ್ಟೆಗೆ ಹೋಗಬೇಕು. ಹಿಂದೂಸ್ತಾನಿ ಕಾಫಿ ಹೌಸಿನ ದಿನಗಳಲ್ಲೇ ಲಂಡನ್ನಿನ ಪೂರ್ವಭಾಗದಲ್ಲಿ ಕಂಪೆನಿಯ ಹಡಗುಗಳು ತಂದು ಬಿಟ್ಟ ಖಲಾಸಿಗಳು ಚಳಿಯಲ್ಲಿ ನಡುಗುತ್ತ, ಹಸಿದು, ಕಾಯಿಲೆ ಬಿದ್ದು ಸಾಯುತ್ತಿದ್ದರು. ಆ ಸ್ಥಿತಿಯನ್ನು ವಿಚಾರಿಸಲು 1814ರಲ್ಲಿ ಪಾರ್ಲಿಮೆಂಟು ಸಮಿತಿಯನ್ನೇ ನೇಮಿಸಬೇಕಾಯಿತು. ಮುಂದೆ ಹಬೆಹಡಗುಗಳು ಬಂದಾಗ ಅವುಗಳ ಒಲೆಗೆ ಕಲ್ಲಿದ್ದಲು ಎಸೆಯುವ ಕೆಲಸಕ್ಕೆ ಬಹಳಷ್ಟು ಮಂದಿ ಬಂದದ್ದು ಸಿಲ್ಹೆಟ್ ಜಿಲ್ಲೆಯಿಂದ. ಹೆಚ್ಚಿನವರು ಮುಸ್ಲಿಂ ರೈತರ ಮಕ್ಕಳು. ಆ ಬೆಂಕಿಗಿಂತ ಬೇರೇನಾದರೂ ವಾಸಿ ಎಂದು ಎಷ್ಟೋ ಮಂದಿ ಲಂಡನ್ ಬಂದರಿನಲ್ಲಿ ಹಡಗಿನಿಂದ ತಪ್ಪಿಸಿಕೊಂಡರು. ಅಂಥವರಿಗೆ ಆಸರೆಯಾದದ್ದು ಅಯೂಬ್ ಅಲಿ ಮಾಸ್ಟರ್ 1920ರ ದಶಕದಲ್ಲಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ ತೆರೆದ 'ಶಾಹ್ ಜಲಾಲ್' ಕಾಫಿ ಹೌಸ್. ಸಿಲ್ಹೆಟಿನ ವಲಿಯ ಹೆಸರು. ಅಲ್ಲಿ ಊಟ, ಮಲಗಲು ಜಾಗ, ಊರಿಗೆ ಕಾಗದ ಬರೆದುಕೊಡುವ ಕೈ ಎಲ್ಲ ಸಿಗುತ್ತಿತ್ತು. ಅಲ್ಲಿಂದ ಅವರು ನಗರದ ನಡುವಿನ ಹೋಟೆಲುಗಳಿಗೆ ಪಾತ್ರೆ ತೊಳೆಯಲು, ಈರುಳ್ಳಿ ಹೆಚ್ಚಲು ಹೋದರು. 'ವೀರಸ್ವಾಮಿ'ಯಲ್ಲಿ ಕೆಲಸ ಕಲಿತು ಸ್ವಂತ ಹೋಟೆಲು ಇಟ್ಟವರೂ ಇದ್ದರು. ಶಾಹ್ ಅಬ್ದುಲ್ ಮಜೀದ್ ಖುರೈಶಿ 1938ರಲ್ಲಿ ಸೋಹೋದ ವಿಂಡ್‌ಮಿಲ್ ಸ್ಟ್ರೀಟಿನಲ್ಲಿ 'ದಿಲ್‌ಖುಶ್' ಎಂಬ ಹೋಟೆಲಿನ ಮಾಲೀಕರಾದರು. 1940ರಲ್ಲಿ ಜರ್ಮನ್ ಬಾಂಬು ಅದನ್ನು ನೆಲಸಮ ಮಾಡಿತು.

ಯುದ್ಧ ಮುಗಿದ ಮೇಲೆ ಇವರು ಬಾಂಬಿಗೆ ಜಖಂ ಆದ ಚಹಾದಂಗಡಿಗಳನ್ನು, ಮೀನು ಕರಿಯುವ ಅಂಗಡಿಗಳನ್ನು ಅಗ್ಗಕ್ಕೆ ಕೊಂಡರು. ಮೀನು, ಆಲೂಗಡ್ಡೆಯ ಜೊತೆ ಒಂದು ಮೂಲೆಯಲ್ಲಿ ಅನ್ನ-ಸಾರು ಇಟ್ಟರು. ಪಬ್ಬುಗಳು ಬಾಗಿಲು ಹಾಕಿದ ಮೇಲೂ ಇವರ ಬಾಗಿಲು ತೆರೆದಿರುತ್ತಿತ್ತು. ಬೋರ್ಡಿನ ಮೇಲೆ ತಾಜ್ ಮಹಲ್, ಕೋಹಿನೂರ್, ಸ್ಟಾರ್ ಆಫ್ ಇಂಡಿಯಾ ಮುಂತಾದ ಹೆಸರುಗಳು. 1947ರ ಜುಲೈಯ ಜನಮತಗಣನೆಯಲ್ಲಿ ಸಿಲ್ಹೆಟಿನ ಹೆಚ್ಚಿನ ಭಾಗ ಪಾಕಿಸ್ತಾನಕ್ಕೆ ಸೇರಿತು, 1971ರಲ್ಲಿ ಬಾಂಗ್ಲಾದೇಶವಾಯಿತು. ಒಂದೇ ಜೀವಮಾನದಲ್ಲಿ ದೇಶ ಎರಡು ಸಲ ಬದಲಾದರೂ ಬೋರ್ಡಿನ ಮೇಲೆ 'ಇಂಡಿಯನ್' ಎಂದೇ ಇತ್ತು. ಗಿರಾಕಿಗೆ ಬೇಕಾದದ್ದು ಆ ಹೆಸರು. ವ್ಯಾಪಾರವನ್ನು ಎತ್ತಿಹಿಡಿದದ್ದು ಬಿಯರು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಹರಾಮಿನ ಬಾಟಲಿಯನ್ನು ಗಿರಾಕಿಯ ಮುಂದಿಟ್ಟು, ಮಸೀದಿಗೆ ಚಂದಾ ಕೊಟ್ಟು, ಊರಲ್ಲಿ ತಮ್ಮನ ಓದಿಗೆ ಹಣ ಕಳಿಸಿದ ಜನ ಇವರು. ಆ ಸಂಕಟವನ್ನು ಹೊರಗೆ ನಿಂತು ತೂಗುವುದು ಸುಲಭ. 2001ರಲ್ಲಿ ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲಾವನ್ನು ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ತಿನಿಸು ಎಂದರು. ಅದನ್ನು ಮಾಡಿದವರು ಎಂಥ ಕೋಣೆಗಳಲ್ಲಿ ಎಷ್ಟು ಮಂದಿ ಒತ್ತಿಕೊಂಡು ಮಲಗಿದರೆಂದು ಮಂತ್ರಿಗಳು ಹೇಳಲಿಲ್ಲ.

ಅಷ್ಟರಲ್ಲಿ ನಗರದ ಮಧ್ಯಕ್ಕೆ ಬೇರೆಯದೇ ಅಲೆ ಬಂದಿತ್ತು. 1982ರಲ್ಲಿ ತಾಜ್ ಹೋಟೆಲು ಸಮೂಹ ಲಂಡನ್ನಿನಲ್ಲಿ 'ಬಾಂಬೆ ಬ್ರಾಸರಿ' ತೆರೆಯಿತು. ಭಾರತದ ದೊಡ್ಡ ಹೋಟೆಲುಗಳಲ್ಲಿ ತರಬೇತಾದ ಬಾಣಸಿಗರು, ಪ್ರಾಂತ್ಯಕ್ಕೊಂದು ಅಡುಗೆ, ಎತ್ತರದ ದರ. 2001ರಲ್ಲಿ 'ಟ್ಯಾಮರಿಂಡ್', 'ಝೈಕಾ' ಎರಡಕ್ಕೂ ಮಿಶೆಲಿನ್ ತಾರೆ ಸಿಕ್ಕಿತು, ಭಾರತೀಯ ಹೋಟೆಲುಗಳಿಗೆ ಮೊದಲ ಬಾರಿ. ನಮ್ಮ ಕರಾವಳಿಯೂ ಈ ಮೇಜಿಗೆ ಬಂತು. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ 'ಕರಾವಳಿ'ಯಲ್ಲಿ ಬಾಣಸಿಗರಾಗಿದ್ದ ಶ್ರೀರಾಮ್ ಐಲೂರ್ 1999ರಲ್ಲಿ ಲಂಡನ್ನಿನಲ್ಲಿ 'ಕ್ವಿಲಾನ್' ಶುರುಮಾಡಿದರು. ಬಕಿಂಗ್‌ಹ್ಯಾಮ್ ಅರಮನೆಗೆ ನಡೆದು ಹೋಗುವಷ್ಟು ಹತ್ತಿರ. 2008ರಲ್ಲಿ ಅದಕ್ಕೂ ತಾರೆ ಬಂತು. ತೆಂಗಿನಕಾಯಿ ಅರೆದ ಮೀನುಸಾರಿಗೆ ಆ ಗೌರವ ಸಿಕ್ಕದ್ದು ಸಣ್ಣ ಮಾತಲ್ಲ. ಆದರೆ ಇದೇ ಕಾಲದಲ್ಲಿ 'ಅಸಲಿ ಭಾರತೀಯ ಅಡುಗೆ ನಮ್ಮದು, ಸಿಲ್ಹೆಟಿಗಳದು ಬರೀ ಬಣ್ಣದ ಸಾರು' ಎಂಬ ಮೂದಲಿಕೆಯೂ ಬೆಳೆಯಿತು. ಹಸಿದ ಖಲಾಸಿ ಐವತ್ತು ವರ್ಷ ಆ ಜನರ ನಾಲಗೆಯನ್ನು ಪಳಗಿಸಿರದಿದ್ದರೆ ಈ ಅಸಲಿಯನ್ನು ಕೇಳುವವರು ಯಾರಿರುತ್ತಿದ್ದರು?

2013ರಲ್ಲಿ ಮೇಫೇರಿನಲ್ಲಿ ತೆರೆದ ಭಾರೀ ಹೋಟೆಲಿನ ಹೆಸರು 'ಜಿಮ್‌ಖಾನಾ'. ಬ್ರಿಟಿಷರ ಕಾಲದ ಕ್ಲಬ್ಬಿನ ಅಲಂಕಾರ, ಗೋಡೆಯ ಮೇಲೆ ಬೇಟೆಯ ಪ್ರಾಣಿಗಳ ತಲೆ. ಅಂತಹ ಎಷ್ಟೋ ಕ್ಲಬ್ಬುಗಳ ಮುಂಬಾಗಿಲಿನಿಂದ ಕರಿಯ ಮನುಷ್ಯ ಒಳಗೆ ಹೋಗುವಂತಿರಲಿಲ್ಲ. ಈಗ ಅದರ ಒಡೆಯರು ಭಾರತೀಯ ಮೂಲದ ಒಡಹುಟ್ಟಿದವರು. ಸಾಹೇಬನ ನೆನಪು ಇನ್ನೂ ಮಾರಾಟವಾಗುತ್ತಿದೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು ಮಾತ್ರ ಬದಲಾಗಿದ್ದಾರೆ. 2024ರ ಫೆಬ್ರವರಿಯಲ್ಲಿ ಅದಕ್ಕೆ ಎರಡನೆಯ ಮಿಶೆಲಿನ್ ತಾರೆ ಬಂತು. ಅದೇ ದಿನ ಎರಡನೆಯ ತಾರೆ ಪಡೆದ ಇನ್ನೊಂದು ಹೋಟೆಲು ಬರ್ಮಿಂಗ್‌ಹ್ಯಾಮ್ ನಗರದ 'ಒಫೀಮ್'. ಅದರ ಬಾಣಸಿಗ ಮತ್ತು ಮಾಲೀಕ ಅಖ್ತರ್ ಇಸ್ಲಾಂ, ಬರ್ಮಿಂಗ್‌ಹ್ಯಾಮಿನಲ್ಲೇ ಬೆಳೆದ ಬಾಂಗ್ಲಾದೇಶಿ ಮನೆತನದ ಮಗ. ಬಣ್ಣದ ಸಾರು ಎಂದು ಮೂದಲಿಸಿದವರ ಪಂಕ್ತಿಯಲ್ಲಿ, ಅವರಿಗಿಂತ ಒಂದು ಹೆಜ್ಜೆ ಮೇಲೆಯೇ, ಅವನು ಕೂತ.

ಅಸ್ಮಾ ಖಾನ್ ಕಲ್ಕತ್ತೆಯವರು. ಮದುವೆಯಾಗಿ 1991ರಲ್ಲಿ ಇಂಗ್ಲೆಂಡಿಗೆ ಬಂದಾಗ ಅವರಿಗೆ ಅಡುಗೆಯೇ ಬರುತ್ತಿರಲಿಲ್ಲ. ಕಾನೂನಿನಲ್ಲಿ ಡಾಕ್ಟರೇಟ್ ಮಾಡಿದರು, ನಡುವೆ ತವರಿಗೆ ಹೋಗಿ ತಾಯಿಯಿಂದ ಮನೆಯ ಬಿರಿಯಾನಿ ಕಲಿತರು. 2012ರಲ್ಲಿ ಲಂಡನ್ನಿನ ತಮ್ಮ ಮನೆಯಲ್ಲೇ ಹಣ ಪಡೆದು ಊಟ ಹಾಕತೊಡಗಿದರು. ಕೈಜೋಡಿಸಿದವರು ಸುತ್ತಲಿನ ಶ್ರೀಮಂತರ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವ ದಕ್ಷಿಣ ಏಷ್ಯಾದ ಹೆಂಗಸರು. ನಬಾಬರು ಹಡಗಿನಲ್ಲಿ ತಂದ ಆಯಾಗಳು ಎರಡು ಶತಮಾನದ ಹಿಂದೆ ಮಾಡಿದ ಕೆಲಸವನ್ನೇ ಇವರೂ ಮಾಡುತ್ತಿದ್ದರು. 2017ರಲ್ಲಿ ಸೋಹೋದಲ್ಲಿ 'ಡಾರ್ಜಿಲಿಂಗ್ ಎಕ್ಸ್‌ಪ್ರೆಸ್' ಆರಂಭವಾದಾಗ ಅಡುಗೆಮನೆಗೆ ಅದೇ ಹೆಂಗಸರು ಬಂದರು. ಒಬ್ಬರೂ ಅಡುಗೆಯ ಶಾಲೆಯಲ್ಲಿ ಕಲಿತವರಲ್ಲ, ಒಬ್ಬ ಗಂಡಸೂ ಅಡುಗೆಮನೆಯಲ್ಲಿಲ್ಲ. ಜಾರ್ಜ್ ಸ್ಟ್ರೀಟಿನಿಂದ ಅಲ್ಲಿಗೆ ಒಂದು ಮೈಲಿಯೂ ಇಲ್ಲ.